ನೇಮಣ್ಣ ಕೈಬಿಟ್ಟ ಹಾಡುಗಳು

ನಿಧಾನದ ಹಾಡು ಶುರುವಾದರೆ ಸಾಕು, ನೇಮಣ್ಣನ ಹೆಬ್ಬೆರಳು ಟೇಪು ನಿಲ್ಲಿಸುವ ಗುಂಡಿಯ ಮೇಲೆ ಬೀಳುತ್ತಿತ್ತು. ಇದು ನನಗೆ ತಿಳಿದದ್ದು ಬಹಳ ತಡವಾಗಿ.

ಗೋಕಾಕದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನದು ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುವ ಅಂಗಡಿ. ಬರುವವರೆಲ್ಲ ಭಜನೆ, ಸಿನಿಮಾ ಹಾಡು ಕೇಳುವವರು. ಕಲ್ಲೋಳಿಯಿಂದ ಕಾಲೇಜಿಗೆ ಬರುತ್ತಿದ್ದ ನನಗೆ ಹೆವಿ ಮೆಟಲ್ ಹುಚ್ಚು ಹಿಡಿಸಿದವನು ಅವನೇ. ಪುಣೆಯಲ್ಲಿದ್ದ ಅವನ ಭಾವ ತಂದುಕೊಡುತ್ತಿದ್ದ ಅಸಲಿ ಕ್ಯಾಸೆಟ್‌ಗಳಲ್ಲಿ ಪರದೇಶದ ಒಂದು ಬ್ಯಾಂಡೆಂದರೆ ಇಬ್ಬರಿಗೂ ಪ್ರಾಣ. ಅದರ ಮೊದಲ ಕ್ಯಾಸೆಟ್ ಹಾಕಿದರೆ ಹಿಟ್ಟಿನ ಗಿರಣಿ ಚಾಲೂ ಆದಂತೆ ಅಂಗಡಿಯ ಹಲಗೆಗಳು ನಡುಗುತ್ತಿದ್ದವು.

ಅಸಲಿಯನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನನಗೆ ತುಂಬಿಕೊಡುವಾಗ ನಿಧಾನದ ಹಾಡುಗಳನ್ನು ಬಿಟ್ಟು, ಉಳಿದ ಜಾಗಕ್ಕೆ ಹಳೆಯ ಅಬ್ಬರವನ್ನೇ ತುರುಕುತ್ತಿದ್ದ. ಹೀಗಾಗಿ ಐದನೆಯ ಕ್ಯಾಸೆಟ್ ಬಂದರೂ ನನ್ನ ಪಾಲಿಗೆ ಬ್ಯಾಂಡು ಇದ್ದಲ್ಲೇ ಇತ್ತು. ಬೆಳಗಾವಿಯ ಗೆಳೆಯನೊಬ್ಬನ ಮುಂದೆ, "ಇವರು ಇನ್ನೂ ಅದನ್ನೇ ಬಡಿಯಾಕತ್ತಾರ, ಏನೂ ಬದಲಾಗಿಲ್ಲ" ಎಂದು ಜಂಭದಿಂದ ಹೇಳಿದೆ. ಅವನು ನಕ್ಕು ಐದನೆಯದರ ಅಸಲಿ ಹಾಕಿದ. ಕಿರುಚುತ್ತಿದ್ದ ಗಾಯಕ ಸಾವಕಾಶವಾಗಿ ಹಾಡುತ್ತಿದ್ದ. ಗಿಟಾರು ಎರಡು ಸ್ವರ ನುಡಿದು, ಸುಮ್ಮನಾಗಿ, ಡ್ರಮ್ಮಿಗಾಗಿ ಕಾಯುತ್ತಿತ್ತು. ಅವರು ಬೆಳೆದಿದ್ದರು, ನನ್ನನ್ನು ಬಿಟ್ಟು.

ಮರುದಿನವೇ ಜಗಳಕ್ಕೆ ಹೋದೆ.

"ಅರ್ಧಾ ಹಾಡು ಯಾಕ ತಿಂದ್ರಿ ನೇಮಣ್ಣಾ?"

"ಅವು ಜೋಗುಳ ಅದಾವೋ ತಮ್ಮಾ. ಮುದುಕರಾಗ್ಯಾರ. ಮೆಟಲ್ ಅಂದ್ರ ಒದರಬೇಕು."

"ಕೇಳೋದು ಬಿಡೋದು ನನಗ ಬಿಡ್ರಿ."

"ನನ್ನ ಅಂಗಡ್ಯಾಗ ಆಗಂಗಿಲ್ಲ. ಬೇಕಾದ್ರ ಭಜನಿ ತುಂಬಿ ಕೊಡ್ತೇನಿ, ಒಯ್ಯಿ."

ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ತಲೆ ಚಚ್ಚಿಕೊಂಡು ಬಂದೆ. ಆರನೆಯ ಕ್ಯಾಸೆಟ್ಟಿಗೂ ನಾಚಿಕೆಗೆಟ್ಟು ಅವನ ಬಳಿಯೇ ಹೋದೆ, ಅದಕ್ಕೂ ಹಾಗೆಯೇ ಮಾಡಿದ.

ಸಿ.ಡಿ. ಬಂದು ಅವನ ವ್ಯಾಪಾರ ಕುಸಿಯಿತು. ಅಂಗಡಿ ಮುಚ್ಚುವ ವಾರ ಹೋದಾಗ ಒಳಗೆ ಅದೇ ಬ್ಯಾಂಡಿನ ನಿಧಾನದ ಹಾಡು ನಡೆದಿತ್ತು. ನೇಮಣ್ಣ ಕಣ್ಣು ಮುಚ್ಚಿ ಕುಳಿತಿದ್ದ. ಇಂಗ್ಲಿಷ್ ಬಾರದ ಮನುಷ್ಯ ಶಬ್ದಶಬ್ದಕ್ಕೂ ತುಟಿ ಆಡಿಸುತ್ತಿದ್ದ. ಗಾಯಕ ಉಸಿರೆಳೆದುಕೊಳ್ಳುವ ಕಡೆ ತಾನೂ ಎಳೆದುಕೊಳ್ಳುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು.

"ಇಷ್ಟು ಬಾಯಿಪಾಠ ಐತಿ, ಮತ್ತ ನಮಗ್ಯಾಕ ಕೊಡಲಿಲ್ರಿ?"

ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. "ತುಂಬಬೇಕಂದ್ರ ಇಲ್ಲೇ ಕೂತು ಪೂರಾ ಕೇಳಬೇಕಲ್ಲೋ. ಗಿರಾಕಿ ಮುಂದ ಅಳಾಕ ಬರ್ತೈತೇನು?"

ಅದೇ ಕೊನೆಯ ಭೇಟಿ. ಮರುವರ್ಷ ತೀರಿಕೊಂಡ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಬಾಗಿಲು ಎಳೆದುಕೊಂಡು ಇಬ್ಬರೂ ಕೂಡಿ ಅಳಬಹುದಿತ್ತಲ್ಲ, ಪುಣ್ಯಾತ್ಮ!