ಸಿನ್ಸಿನಹಟ್ಟಿಯ ಪೇಟಿ ಜಗಳ

ಆಳಂದದಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿಗೆ ಅಮೆರಿಕದಿಂದ ಹೊಸ ಯಂತ್ರ ಬಂದ ವರ್ಷ, ಅದನ್ನು ಜೋಡಿಸಲು ಅಲ್ಲಿಂದಲೇ ಒಬ್ಬ ಸಾಹೇಬರೂ ಬಂದರು. ಯಂತ್ರದ ಒಂದು ಮುಖ್ಯ ಭಾಗ ಮಾತ್ರ ಹಡಗು ತಪ್ಪಿ ಬೇರೆಲ್ಲಿಗೋ ಹೋಗಿತ್ತು. ಅದು ಬರುವತನಕ ಅವರು ನಮ್ಮ ಮಾಳಿಗೆಯ ಮೇಲಿನ ಕೋಣೆಯಲ್ಲಿ ಉಳಿದರು. ಅವರು ಯಹೂದಿ, ಊಟದ ಕಟ್ಟಳೆಗಳು ಬಹಳ. ನಮ್ಮದು ಮಾಂಸ ತಿನ್ನದ ಮನೆ ಎಂದು ಕೇಳಿ ನಿರಾಳವಾಗಿ ಉಸಿರುಬಿಟ್ಟರು. ನಾನು ಹೈದರಾಬಾದಿನಲ್ಲಿ ಓದು ಮುಗಿಸಿ ನೌಕರಿಯಿಲ್ಲದೆ ಕೂತಿದ್ದೆ. ಹೀಗಾಗಿ ದುಭಾಷಿಯ ಕೆಲಸ ನನ್ನ ಪಾಲಿಗೆ ಬಂತು.

ಸಂಜೆಯಾದರೆ ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಮಂದಿ ಕೂಡುತ್ತಿತ್ತು. ಸಾಹೇಬರು ತಮ್ಮ ಊರು ಸಿನ್ಸಿನಾಟಿಯ ಕಥೆ ಹೇಳುತ್ತಿದ್ದರು. ನಮ್ಮ ದೊಡ್ಡಪ್ಪ ಅದನ್ನು ಮೊದಲ ದಿನವೇ ಸಿನ್ಸಿನಹಟ್ಟಿ ಮಾಡಿಬಿಟ್ಟರು. ಅಲ್ಲಿಗೆ ಜರ್ಮನಿಯ ಕಡೆಯಿಂದ ಬಂದ ಯಹೂದಿಗಳು ಬೆನ್ನಿಗೆ ಗಂಟು ಹೊತ್ತು, ಹಳ್ಳಿಹಳ್ಳಿ ತಿರುಗಿ ಸೂಜಿ, ದಾರ, ಗುಂಡಿ ಮಾರಿದರಂತೆ. ಆಮೇಲೆ ಅಂಗಡಿ ಹಾಕಿದರು, ಬಟ್ಟೆಯ ಕಾರಖಾನೆ ಇಟ್ಟರು, ಪ್ರಾರ್ಥನೆಯ ಮಂದಿರ ಕಟ್ಟಿದರು. ಇಲ್ಲಿಯವರೆಗೆ ಎಲ್ಲರೂ ತಲೆದೂಗಿದರು. ಆಮೇಲೆ ಮಂದಿರದಲ್ಲಿ ಆರ್ಗನ್ ಇಡುವ ವಿಷಯಕ್ಕೆ ಜಗಳವಾಯಿತು ಎಂದರು ಸಾಹೇಬರು. ಆರ್ಗನ್ನಿಗೆ ಏನು ಹೇಳಲಿ? "ಪೇಟಿ, ನಮ್ಮ ದೊಡ್ಡಪ್ಪನ ಹಾರ್ಮೋನಿಯಂ ಪೇಟಿಯಂಥಾದ್ದೇ, ಆದ್ರ ಗ್ವಾಡಿ ಅಷ್ಟು ದೊಡ್ಡದು" ಎಂದು ಗುಡಿಯ ಗೋಡೆ ತೋರಿಸಿದೆ. ಕೆಲವರು ಬೇಕೆಂದರು, ಹಿರಿಯರು ಬೇಡವೆಂದರು. ಬೇಡವೆಂದವರು ಹೊರಗೆ ಹೋಗಿ ಬೇರೆ ಮಂದಿರ ಕಟ್ಟಿಕೊಂಡರು. ಅವರಲ್ಲಿ ಸಾಹೇಬರ ಅಜ್ಜನೂ ಒಬ್ಬರು.

ನಮ್ಮ ಭಜನೆಯಲ್ಲಿ ದೊಡ್ಡಪ್ಪ ಪೇಟಿ ನುಡಿಸಿದರೆ, ಬಾಜು ಮನೆಯ ಅಕ್ಕಸಾಲಿಗ ಪತ್ತಾರರು ತಾಳ ಹಾಕುತ್ತಿದ್ದರು. ಅಂದು ಈ ಕಥೆ ಕೇಳಿ ಪತ್ತಾರರು ತಾಳ ಕೆಳಗಿಟ್ಟರು.

"ಆ ಹಿರೇರು ಬರೋಬ್ಬರಿ ಹೇಳ್ಯಾರ. ದೇವರ ಮುಂದ ಪೇಟಿ ಯಾಕ? ಅದು ನಾಟಕದವರ ಸಾಮಾನು."

"ಹಂಗಾದ್ರ ಇಷ್ಟು ವರ್ಷ ನನ್ನ ಪೇಟಿಗೆ ತಾಳ ಯಾಕ ಹಾಕಿದೆಪಾ?" ಎಂದರು ದೊಡ್ಡಪ್ಪ.

"ಆಗ ನನಗ ಸಿನ್ಸಿನಹಟ್ಟಿ ಸುದ್ದಿ ಗೊತ್ತಿರಲಿಲ್ಲ!"

ಮರುವಾರವೇ ಪತ್ತಾರರು ಅರ್ಧ ಮಂದಿಯನ್ನು ಕರೆದುಕೊಂಡು ಈಶ್ವರನ ಗುಡಿಗೆ ಹೋದರು. ಎರಡೂ ಕಡೆ ಒಂದೇ ಹೊತ್ತಿಗೆ, ಒಂದೇ ಹಾಡಿನ ಭಜನೆ. ಸಾಹೇಬರು ಕಾರಣ ಕೇಳಿದಾಗ ಹೇಳಿದೆ. ಅವರು ತಲೆ ಹಿಡಿದುಕೊಂಡು ಕೂತುಬಿಟ್ಟರು. ರಾಜಿ ಮಾಡಿಸೋಣವೆಂದು ನನ್ನನ್ನು ಕರೆದುಕೊಂಡು ಪತ್ತಾರರ ಮನೆಗೆ ಹೋಗಿ, ಅದು ತಮ್ಮ ಅಜ್ಜನ ಕಾಲದ ಜಗಳ, ಬಿಟ್ಟುಬಿಡಿ ಎಂದರು.

"ಅಜ್ಜನ ಕಾಲದ್ದು ಅಂದ್ರ ಗಟ್ಟಿ ಜಗಳ ಆತಲ್ಲರಿ. ಹಂಗ ಬಿಡಾಕ ಬರ್ತದೇನು?" ಎಂದರು ಪತ್ತಾರರು.

ಹೀಗಿರುವಾಗ ಒಂದು ಮುಂಜಾನೆ ಸಾಹೇಬರು ರೊಟ್ಟಿ ಮುಟ್ಟಲಿಲ್ಲ. ಕೇಳಿದರೆ ಹೇಳಿದರು: ಅವರಲ್ಲಿ ದಿನ ಸಂಜೆಗೇ ಶುರು, ಇಂದು ಸೂರ್ಯ ಮುಳುಗಿದರೆ ಅವರ ತಂದೆಯ ವರ್ಷದ ತಿಥಿ. ಆಗ ಹೇಳುವ ಪ್ರಾರ್ಥನೆಗೆ ಹತ್ತು ಗಂಡಸರು ಕೂಡಲೇಬೇಕು. ಒಬ್ಬನೇ ಹೇಳುವಂತಿಲ್ಲ. ನಾನು ದೊಡ್ಡಪ್ಪನಿಗೆ ಹೇಳಿದೆ. ಅವರು ಹೆಗಲಿಗೆ ಟವೆಲ್ ಹಾಕಿಕೊಂಡು ನೆಟ್ಟಗೆ ಪತ್ತಾರರ ಮನೆಗೆ ನಡೆದರು.

ಸಂಜೆ ನಮ್ಮ ಮಾಳಿಗೆಯ ಮೇಲೆ ಎರಡೂ ಭಜನೆಯವರು ಬಂದು ಕೂತರು. ಸಾಹೇಬರನ್ನು ಸೇರಿಸಿ ಎಣಿಸಿದರೂ ಹತ್ತಕ್ಕೆ ಒಬ್ಬರು ಕಡಿಮೆ ಬಿದ್ದರು. ನನ್ನ ತಂಗಿಯನ್ನು ನೋಡಲು ಗೊಬ್ಬೂರಿನಿಂದ ಬಂದಿದ್ದ ವರನ ತಂದೆಯನ್ನು, ಕೈಯಲ್ಲಿದ್ದ ಉಪ್ಪಿಟ್ಟಿನ ತಾಟಿನ ಸಮೇತ ಮೇಲೆ ಕರೆತಂದೆವು. ಸಾಹೇಬರು ಗಾಬರಿಯಾದರು. ಬರೀ ಹತ್ತು ಮಂದಿ ಸಾಲದು, ಹತ್ತೂ ಯಹೂದಿಗಳೇ ಆಗಬೇಕು ಎಂದು ಮೆಲ್ಲಗೆ ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

ಪತ್ತಾರರಿಗೆ ಸಿಟ್ಟು ಬಂತು. "ತಿಂಗಳಾತು, ನಿಮ್ಮ ಜಗಳ ನಾವು ಮಾಡಾಕತ್ತೇವಿ. ಇನ್ನೇನು ಆಗಬೇಕ್ರಿ ನಾವು?"

ಸಾಹೇಬರು ನಮ್ಮ ಒಂಬತ್ತೂ ಮಂದಿಯ ಮುಖ ಒಂದೊಂದಾಗಿ ನೋಡಿದರು. ಆಮೇಲೆ ಟೋಪಿ ಸರಿಮಾಡಿಕೊಂಡು ಪಡುವಣಕ್ಕೆ ತಿರುಗಿದರು.

"ನಿಮ್ಮೂರಾಗ ಮೂಡಣಕ್ಕ ನಿಲ್ತಾರ ಅಂದಿದ್ರಲ್ಲ?" ಎಂದು ದೊಡ್ಡಪ್ಪ ತಡೆದರು. ಅವರು ಮುಖ ಮಾಡುವ ಪುಣ್ಯಕ್ಷೇತ್ರ ಜೆರುಸಲೇಮ್ ಅಮೆರಿಕದಿಂದ ಮೂಡಣಕ್ಕೆ, ಇಲ್ಲಿಂದ ಪಡುವಣಕ್ಕೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಗೊಬ್ಬೂರಿನವರ ಉಪ್ಪಿಟ್ಟು ಮುಗಿದಿತ್ತು.

ಸಾಹೇಬರು ಪ್ರಾರ್ಥನೆ ಹೇಳಿದರು. ನಡುನಡುವೆ ಕೈ ಎತ್ತಿದಾಗ ಎಲ್ಲರೂ "ಆಮೇನ್" ಎನ್ನಬೇಕಿತ್ತು. ದೊಡ್ಡಪ್ಪ ಅದಕ್ಕೂ ರಾಗ ಹಚ್ಚಿದರು. ಪತ್ತಾರರ ಬೆರಳು ತೊಡೆಯ ಮೇಲೆ ತಾಳ ಹಿಡಿಯಿತು. ಸಾಹೇಬರ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಜೊತೆಗೆ ತಡೆಯಲಾರದ ನಗುವೂ ಇತ್ತು.

ಯಂತ್ರದ ಭಾಗ ಬಂತು, ಜಿನ್ನು ನಡೆಯಿತು. ಹೊರಟು ನಿಂತ ಸಾಹೇಬರನ್ನು ದೊಡ್ಡಪ್ಪ ಕೇಳಿದರು: "ನಿಮ್ಮೂರಾಗ ಆ ಎರಡೂ ಮಂದಿ ಕೂಡಿದ್ರೇನ್ರಿ?"

ಕೂಡಲಿಲ್ಲ, ಆದರೆ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ತಪ್ಪದೆ ಹೋಗುತ್ತಾರೆ ಎಂದರು ಸಾಹೇಬರು.

"ಚಲೋ ಆತು," ಎಂದು ದೊಡ್ಡಪ್ಪ ಪತ್ತಾರರ ಕಡೆ ನೋಡಿದರು. ಭಜನೆಗಳು ಬೇರೆಬೇರೆಯಾಗಿಯೇ ಉಳಿದವು. ನನ್ನ ತಂಗಿಯ ಮದುವೆ ಗೊಬ್ಬೂರಿನವರ ಜೊತೆಗೇ ಆಯಿತು. ತಾಳಿ ಮಾಡಿಕೊಟ್ಟವರು ಪತ್ತಾರರು.