ಚೆಲ್ಲಬೇಡಿ ಎಂದು ಬರೆದವಳು

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಪ್ರತಿವರ್ಷ ಒಬ್ಬ ಸಿಬ್ಬಂದಿಯ ಜೀವನ ಪರಿಚಯ ಬರುತ್ತದೆ. ಬರೆಯುವವನು ನಾನು, ಸ್ಟೋರ್ ಕ್ಲರ್ಕ್ ಜನಾರ್ದನ. ಹೊಗಳುವುದರಲ್ಲಿ ನನ್ನದು ಪಳಗಿದ ಕೈ ಎಂದು ಹೆಸರು. ಈ ಸಲ ಸಂಶೋಧನಾ ವಿಭಾಗದ ಡಾ. ಶರತ್ಚಂದ್ರರ ಬಗ್ಗೆ ಬರೆಯಬೇಕೆಂದು ಪ್ರಿನ್ಸಿಪಾಲ್ ಈಶ್ವರಪ್ರಸಾದರು ಹೇಳಿದರು. "ಆಯ್ತು ಸಾರ್" ಎಂದೆ. ಆಯ್ತು ಸಾರ್ ಎನ್ನುವುದರಲ್ಲಿ ನನ್ನನ್ನು ಮೀರಿಸುವವರು ಸೀತಾಂಗೋಳಿಯಿಂದ ಕುಂಬಳೆಯವರೆಗೆ ಯಾರೂ ಇಲ್ಲ. ಆದರೆ ಬರೆಯುತ್ತಿರುವುದು ತುಂಗಾಳ ಬಗ್ಗೆ.

ತುಂಗಾ ಪೈವಳಿಕೆಯವಳು. ವಯಸ್ಸು ನಲವತ್ತಾರು. ಏಳನೇ ಕ್ಲಾಸಿನ ನಂತರ ಬೀಡಿ ಕಟ್ಟಿದಳು, ತಂಗಿಯನ್ನು ನರ್ಸಿಂಗ್ ಓದಿಸಿದಳು, ಬೀಡಿ ಕೆಲಸ ಕಡಿಮೆಯಾದಾಗ ನಮ್ಮ ಲ್ಯಾಬಿಗೆ ಗಾಜಿನ ಪಾತ್ರೆ ತೊಳೆಯಲು ಸೇರಿದಳು. ಹನ್ನೊಂದು ವರ್ಷ ತೊಳೆದಳು. ಒಡೆದದ್ದು ಒಂದೇ ಒಂದು ಬೀಕರ್, ಅದನ್ನೂ ತಾನೇ ಬಂದು ಹೇಳಿದಳು. ಒಡೆದು ಕಸದ ಬುಟ್ಟಿಯಲ್ಲಿ ಬಚ್ಚಿಟ್ಟ ಎಂ.ಎಸ್ಸಿ.ಗಳ ಲೆಕ್ಕ ನನ್ನ ಸ್ಟೋರಿನಲ್ಲಿದೆ. ಇಷ್ಟಾದರೂ ಅವಳದು ವರ್ಷದಿಂದ ವರ್ಷಕ್ಕೆ ನವೀಕರಿಸುವ ತಾತ್ಕಾಲಿಕ ಕೆಲಸ.

ಮೂರು ವರ್ಷದ ಹಿಂದೆ ಡಾಕ್ಟರರು ಬಂದರು. ಮಿದುಳನ್ನು ಕತ್ತರಿಸದೆ, ಇಡಿಯಾಗಿಯೇ ಒಳಗೆಲ್ಲ ನೋಡುವ ಹೊಸ ತಂತ್ರ ಅವರ ಪ್ರಾಜೆಕ್ಟು. ಹಳೆಯ ಪದ್ಧತಿಯಲ್ಲಿ ಮಿದುಳನ್ನು ತೆಳ್ಳಗೆ ಸೀಳಿ ಚೂರು ಚೂರಾಗಿ ನೋಡಬೇಕು, ಸೀಳಿದಲ್ಲಿ ನರಗಳ ದಾರಿ ತುಂಡಾಗುತ್ತದೆ. ಇವರ ಪದ್ಧತಿ ಬೇರೆ. ಬೆಳಕನ್ನು ಒಳಗೆ ಬಿಡದಿರುವುದು ಮಿದುಳಿನ ಕೊಬ್ಬು. ಉಳಿದದ್ದನ್ನೆಲ್ಲ ಜೆಲ್ಲಿಯಲ್ಲಿ ಹಿಡಿದಿಟ್ಟು, ಕೊಬ್ಬನ್ನು ಮಾತ್ರ ಸೋಪಿನಂಥ ದ್ರಾವಣದಲ್ಲಿ ತಿಂಗಳುಗಟ್ಟಲೆ ಕರಗಿಸಿ ತೆಗೆದು, ಕೊನೆಗೆ ಪಾಕದಂಥ ಒಂದು ದ್ರವದಲ್ಲಿ ಮುಳುಗಿಸಿದರೆ ಮಿದುಳು ಗಾಜಿನಂತೆ ಪಾರದರ್ಶಕವಾಗುತ್ತದೆ. ಆಮೇಲೆ ಬದಿಯಿಂದ ಲೇಸರ್ ಬೆಳಕಿನ ತೆಳ್ಳಗಿನ ಹಾಳೆಯನ್ನು ಹಾಯಿಸುತ್ತ ಪದರ ಪದರವಾಗಿ ಫೋಟೋ ತೆಗೆದರೆ, ಕಂಪ್ಯೂಟರು ಎಲ್ಲವನ್ನೂ ಜೋಡಿಸಿ ಇಡೀ ಮಿದುಳನ್ನು ಪರದೆಯ ಮೇಲೆ ತಿರುಗಿಸಿ ತೋರಿಸುತ್ತದೆ. ಇಲಿಯ ಮಿದುಳಿನಲ್ಲಿ ಇದನ್ನು ಬೇರೆಯವರು ಮಾಡಿದ್ದಾರೆ. ಆಡಿನ ಮಿದುಳಿನಷ್ಟು ದೊಡ್ಡದರಲ್ಲಿ ಮಾಡುತ್ತೇನೆಂದು ನಮ್ಮವರು ಹೊರಟರು. ಒಳ್ಳೆಯ ಕೆಲಸವೇ. ಮಾಡಬೇಕಾದ ಕೈ ಮಾತ್ರ ಅವರದಲ್ಲ.

ಮೊದಲ ತೊಡಕು ಮಿದುಳು ತರುವುದರಲ್ಲೇ ಎದುರಾಯಿತು. ಮಾಂಸದಂಗಡಿಯ ಅಂದುಂಞಿ ಆಡಿನ ತಲೆಯನ್ನು ಒಂದೇ ಏಟಿಗೆ ಎರಡು ಹೋಳು ಮಾಡುವವನು. ಗಿರಾಕಿಗಳಿಗೆ ಬೇಕಾದದ್ದೂ ಹಾಗೆಯೇ. ಡಾಕ್ಟರರು ಮೂಗಿಗೆ ಕರವಸ್ತ್ರ ಹಿಡಿದು, ಅಖಂಡ ಅಂಗಾಂಶದ ಮಹತ್ವದ ಬಗ್ಗೆ ಅವನಿಗೆ ಕಾಲು ಗಂಟೆ ಉಪನ್ಯಾಸ ಕೊಟ್ಟರು. ಅವನು ತಲೆಯಾಡಿಸಿ, ಎರಡು ಹೋಳು ಮಾಡಿ ಪೊಟ್ಟಣ ಕಟ್ಟಿ ಕೊಟ್ಟ.

ಮರುದಿನ ತುಂಗಾ ಹೋದಳು. ಅಂಗಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ಎಳನೀರಿನ ಬೊಂಡ ಕೆತ್ತಿದ ಹಾಗೆ ಬುರುಡೆಯನ್ನು ಸುತ್ತಲೂ ಕೆತ್ತಿ ಮುಚ್ಚಳ ತೆಗೆಯುವುದು ಹೇಗೆಂದು ತಾನೇ ಮಾಡಿ ತೋರಿಸಿದಳು. ಆರನೆಯ ತಲೆಗೆ ಅಂದುಂಞಿಯ ಕೈ ಕೂತಿತು. ಬೆಳಿಗ್ಗೆ ಏಳಕ್ಕೆ ಅವನಲ್ಲಿಗೆ ಹೋಗಿ, ಐಸ್ ತುಂಬಿದ ಬುತ್ತಿಪಾತ್ರೆಯಲ್ಲಿ ಮಿದುಳಿಟ್ಟುಕೊಂಡು ಬಸ್ಸಿನಲ್ಲಿ ತರುವುದು ಅವಳ ಕೆಲಸವಾಯಿತು. ಪಕ್ಕದಲ್ಲಿ ಕೂತವರು "ಎಂತ ತುಂಗಕ್ಕ, ಇವತ್ತು ಬುತ್ತಿಗೆ ಎಂತ ವಿಶೇಷ?" ಎಂದು ಕೇಳಿದರೆ, "ವಿಜ್ಞಾನ" ಎನ್ನುತ್ತಿದ್ದಳು.

ಮೊದಲ ನಾಲ್ಕು ಮಿದುಳು ಹಾಳಾದವು. ಪಾತ್ರೆಯ ಅಡಿಗೆ ತಾಗಿದ ಬದಿ ಬಿಳಿಯಾಗಿಯೇ ಉಳಿಯುತ್ತಿತ್ತು. ಡಾಕ್ಟರರು ರಾಸಾಯನಿಕ ಕಳುಹಿಸಿದ ಕಂಪನಿಗೆ ಬೈದು ಉದ್ದದ ಇಮೇಲ್ ಬರೆದರು. ತುಂಗಾ ಸೊಳ್ಳೆಪರದೆಯ ತುಂಡಿನಿಂದ ಒಂದು ಪುಟ್ಟ ಜೋಳಿಗೆ ಹೊಲಿದು ಐದನೆಯದನ್ನು ದ್ರಾವಣದ ನಡುವೆ ತೂಗಹಾಕಿದಳು. ಎಲ್ಲ ಬದಿಯೂ ಸಮನಾಗಿ ತಿಳಿಯಾಗತೊಡಗಿತು. ಐದು ತಿಂಗಳು, ಭಾನುವಾರವೂ ಬಿಡದೆ, ಬಿಸಿ ನೋಡಿ ದ್ರಾವಣ ಬದಲಿಸಿದವಳು ಅವಳು. ಡಾಕ್ಟರರ ಪ್ರಬಂಧದಲ್ಲಿ ಆ ಸೊಳ್ಳೆಪರದೆಗೆ "ನಾವು ಅಭಿವೃದ್ಧಿಪಡಿಸಿದ ತೂಗು ವ್ಯವಸ್ಥೆ" ಎಂಬ ಹೆಸರು. ಆ "ನಾವು" ಎಂಬುದರೊಳಗೆ ತುಂಗಾ ಇರಲಿಲ್ಲ. ಸೊಳ್ಳೆಯೂ ಇರಲಿಲ್ಲ.

ಆಯುಧಪೂಜೆಗೆ ಹತ್ತು ದಿನವಿರುವಾಗ ಡಾಕ್ಟರರು ಹೈದರಾಬಾದಿನ ಸಮ್ಮೇಳನಕ್ಕೆ ಹೋದರು, ಈ ತಂತ್ರದ ಬಗ್ಗೆಯೇ ಮಾತಾಡಲು. ಅವರು ಹೋಗುವಾಗ ಮಿದುಳು ಇನ್ನೂ ಮಂಜುಮಂಜಾಗಿತ್ತು. ಅವರು ಹೇಳಿಹೋದ ಹಾಗೆ ತುಂಗಾ ಅದನ್ನು ಜೋಳಿಗೆಯಿಂದ ತೆಗೆದು, ಲ್ಯಾಬಿನಲ್ಲಿದ್ದ ಅತಿ ಚಂದದ ಗಾಜಿನ ಜಾಡಿಯಲ್ಲಿ ಕೊನೆಯ ದ್ರವಕ್ಕೆ ಹಾಕಿದಳು. ಒಂದು ಬೆಳಿಗ್ಗೆ ನೋಡಿದರೆ ಜಾಡಿ ಖಾಲಿ. ಅವಳ ಜೀವ ಹಾರಿಹೋಯಿತಂತೆ. ಚಮಚ ಹಾಕಿ ಮೆಲ್ಲ ಮುಟ್ಟಿದಾಗ ತಾಗಿತು. ಕೂಡಲೇ ಫೋನು ಮಾಡಿದಳು. ಮಿದುಳಿಗೆ ಅವಳು ಮಂಡೆ ಎನ್ನುವವಳು. "ಸಾರ್, ಮಂಡೆ ಈಗ ಕಾಣುವುದೇ ಇಲ್ಲ!"

"ಗುಡ್, ಗುಡ್" ಎಂದು ಅವರು ಫೋನಿಟ್ಟರು. ಅರ್ಥವಾಗದ್ದಕ್ಕೆಲ್ಲ ಅವರು ಗುಡ್ ಎನ್ನುವವರು.

ಕಾಣದ್ದನ್ನು ಕಾಪಾಡುವುದು ಕಷ್ಟವೆಂದು ತುಂಗಾಳಿಗೆ ಗೊತ್ತಿತ್ತು. ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ "ಒಳಗೆ ಮಂಡೆ ಉಂಟು. ಚೆಲ್ಲಬೇಡಿ" ಎಂದು ಬರೆದು ಜಾಡಿಗೆ ಅಂಟಿಸಿದಳು.

ಆಯುಧಪೂಜೆಯ ದಿನ ನಮ್ಮಲ್ಲಿ ಸೂಕ್ಷ್ಮದರ್ಶಕಕ್ಕೂ ಗಂಧ, ಕಂಪ್ಯೂಟರಿಗೂ ಕುಂಕುಮ. ಮಧ್ಯಾಹ್ನದೊಳಗೆ ತುಂಗಾ ಎಲ್ಲವನ್ನೂ ತೊಳೆದು ಒರೆಸಿ, ಆ ಜಾಡಿಯನ್ನು ಮಾತ್ರ ಮುಟ್ಟದೆ ಊರಿಗೆ ಹೋದಳು. ಆಮೇಲೆ ಪ್ರಿನ್ಸಿಪಾಲರ ತಪಾಸಣೆ. ಮ್ಯಾನೇಜ್‌ಮೆಂಟಿನವರು ಬರುವವರಿದ್ದರು. "ಇದೆಂತ ಅಸಹ್ಯ, ಕ್ಯಾಲೆಂಡರ್ ಹರಿದು ಅಂಟಿಸಿದ್ದು?" ಎಂದು ಚೀಟಿಯನ್ನು ಓದದೆ ಕಿತ್ತರು. ಮೂವತ್ತು ವರ್ಷ ಮಕ್ಕಳಿಗೆ ಓದಿ ಓದಿ ಎಂದವರು ನಾಲ್ಕು ಶಬ್ದ ಓದಲಿಲ್ಲ.

ಡಾಕ್ಟರರು ರೈಲಿನಿಂದಿಳಿದು ನೇರ ಪೂಜೆಗೆ ಬಂದರು. ದೇವಿಯ ಪಟದ ಮುಂದೆ ಅಡಿಕೆ ಹಿಂಗಾರದ ಗೊನೆ ಇಡಲು ಚಂದದ ಪಾತ್ರೆ ಬೇಕಾಯಿತು. ಅವರ ಕಣ್ಣು ಜಾಡಿಯ ಮೇಲೆ ಬಿತ್ತು. ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಯಾವ ಕಾಲದ ಗ್ಲಿಸರಿನ್ ಮಾರಾಯ್ರೇ ಇದು?" ಎಂದು ಕಿಟಕಿಯ ಹತ್ತಿರ ಹೋದರು. ನಾನು ಪ್ರತಿವರ್ಷದ ಹಾಗೆ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದೆ. "ಜನಾರ್ದನಣ್ಣ, ಇದೊಂದು ತೆಗೀರಿ. ನಾನೂ ಪಾತ್ರೆ ತೊಳೀತೇನೆ ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ" ಎಂದು ನಗುತ್ತ ಜಾಡಿಯನ್ನು ಹೊರಗೆ ಬಗ್ಗಿಸಿದರು. ದ್ರವದ ಜೊತೆ ಎಂತದೋ ಜಾರಿ ಕೆಳಗಿನ ಚರಂಡಿಗೆ ಬಿದ್ದ ಸದ್ದಾಯಿತು. ಪಾಪ, ಮಿದುಳನ್ನು ಕಾಣದ ಹಾಗೆ ಮಾಡುವುದೇ ಅವರ ಸಂಶೋಧನೆ. ಅದು ಎಷ್ಟು ಫಲಿಸಿತೆಂದರೆ ಅವರಿಗೇ ಕಾಣಲಿಲ್ಲ. ಹಿಂಗಾರ ಜಾಡಿ ಸೇರಿತು, ನಾವೆಲ್ಲ ಕೈಮುಗಿದೆವು.

ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವ ಹಾಗಿಲ್ಲ. ವಿಜಯದಶಮಿಯ ಬೆಳಿಗ್ಗೆ ತುಂಗಾ ಬಂದಾಗ ಜಾಡಿಯಲ್ಲಿ ಹೂವಿತ್ತು. ಕಿಟಕಿಯ ಅಂಚಿನಲ್ಲಿ ಪಾಕದಂಥ ಆ ದ್ರವದ ಜಿಗುಟು ಅವಳ ಕೈಗೆ ತಾಗಿತು. ಕಿಟಕಿಯ ಕೆಳಗಿನ ಚರಂಡಿಯಲ್ಲಿ ಮೊಣಕಾಲೂರಿ ಹುಡುಕಿದಳು. ಸಿಕ್ಕಿದ್ದು ಕಾಗೆ ಕುಕ್ಕಿ ಬಿಟ್ಟ, ಇರುವೆ ಮುತ್ತಿದ ಒಂದು ಹಿಡಿ ಲೋಳೆ. ಅದನ್ನು ತಟ್ಟೆಯಲ್ಲಿಟ್ಟು ಡಾಕ್ಟರರ ಮೇಜಿನ ಮೇಲೆ ಇಟ್ಟಳು.

ಡಾಕ್ಟರರು ಮೊದಲು ಬಂದದ್ದು ನನ್ನ ಸ್ಟೋರಿಗೆ. "ಆ ಫೋಟೋ ಡಿಲೀಟ್ ಮಾಡಿ" ಎಂದರು. "ಆಯ್ತು ಸಾರ್" ಎಂದೆ.

ಮೂರನೆಯ ದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆ. ನನ್ನನ್ನೂ ಕರೆಸಿದ್ದರು. ಪಾತ್ರೆ ತೊಳೆಯುವುದು ಅಟೆಂಡರ್ ಕೆಲಸ, ಆದ್ದರಿಂದ ಚೆಲ್ಲಿದ್ದೂ ಅವಳೇ ಎಂದು ಡಾಕ್ಟರರು ಹೇಳಿದರು. ಕ್ಷಮಾಪಣೆ ಪತ್ರ ಟೈಪಾಗಿ ಸಿದ್ಧವಿತ್ತು. ಸಹಿ ಹಾಕಿದರೆ ಎಚ್ಚರಿಕೆ ಕೊಟ್ಟು ಕೆಲಸದಲ್ಲಿ ಉಳಿಸುವುದು, ಇಲ್ಲವಾದರೆ ಇಲ್ಲ.

"ನಾನು ಚೆಲ್ಲಲಿಲ್ಲ ಸಾರ್" ಎಂದಳು ತುಂಗಾ. "ಚೆಲ್ಲಿದೆ ಅಂತ ಬರೆದು ಕೊಟ್ಟರೆ ಇನ್ನು ನನ್ನ ಕೈಯನ್ನು ಯಾರು ನಂಬುದು? ನನ್ನಲ್ಲಿ ಇರುದು ಈ ಕೈ ಒಂದೇ." ಆಮೇಲೆ ನನ್ನ ಕಡೆಗೆ ತಿರುಗಿದಳು. "ಜನಾರ್ದನಣ್ಣ ಇದ್ದರಲ್ಲ ಪೂಜೆಗೆ? ಅವರನ್ನು ಕೇಳಿ."

ಪ್ರಿನ್ಸಿಪಾಲರು ಕೇಳಿದರು. ಮೊಬೈಲು ನನ್ನ ಕಿಸೆಯಲ್ಲಿತ್ತು. ಬರುವ ಮಾರ್ಚಿಗೆ ನನ್ನ ನಿವೃತ್ತಿ, ಇನ್ನೆರಡು ವರ್ಷ ಮುಂದುವರಿಸುತ್ತೇವೆ ಎಂದಿದ್ದರು. ನಾನು ತಿರುಗುವ ಫ್ಯಾನನ್ನು ನೋಡಿದೆ. "ನಾನು ಎಂತದೂ ನೋಡಲಿಲ್ಲ ಸಾರ್."

ತುಂಗಾ ಪೆನ್ನು ಮುಟ್ಟಲಿಲ್ಲ. ಬುತ್ತಿಪಾತ್ರೆ ತೊಳೆದು, ಸ್ಟೋರಿನಲ್ಲಿ ನನ್ನ ಮುಂದಿಟ್ಟು, ರಿಜಿಸ್ಟರಿನಲ್ಲಿ ವಾಪಸು ಎಂದು ಬರೆಸಿ ಹೋದಳು. ಡಾಕ್ಟರರ ಬಗ್ಗೆ ಇಷ್ಟು ಹೊತ್ತು ತಮಾಷೆ ಮಾಡಿದೆನಲ್ಲ, ಆ ಕೋಣೆಯಲ್ಲಿ ಅವರಿಗಿಂತ ಹೇಡಿಯೊಬ್ಬನಿದ್ದ. ಅವರು ತಮ್ಮ ತಪ್ಪು ಮುಚ್ಚಲು ಸುಳ್ಳು ಹೇಳಿದರು. ನಾನು ಹೇಳಿದ್ದು ಅವರ ತಪ್ಪು ಮುಚ್ಚಲು.

ಈಗ ಎರಡು ತಿಂಗಳಾಯಿತು. ಡಾಕ್ಟರರು ಮತ್ತೆ ಮೊದಲಿನಿಂದ ಶುರುಮಾಡಿದ್ದಾರೆ. ಅಂದುಂಞಿ ಕಳುಹಿಸುವುದೆಲ್ಲ ಎರಡು ಹೋಳು. ಕೇಳಲು ಹೋದದ್ದು ನಾನು. "ಇಡಿ ಮಂಡೆ ಬೇಕಾದರೆ ತುಂಗಕ್ಕ ಬರಲಿ" ಎಂದ. "ನಿಮ್ಮ ಕಾಲೇಜಿಗೆ ಅರ್ಧರ್ಧ ಸಾಕು."

ಅಲ್ಲಿಂದ ಬಸ್ಸು ಹತ್ತಿ ಪೈವಳಿಕೆಗೆ ಹೋದೆ. ತುಂಗಾ ಅಂಗಳದಲ್ಲಿ ಗೆರಸೆ ಹಿಡಿದು ಅಕ್ಕಿ ಗೇರುತ್ತಿದ್ದಳು. ಕೂತುಕೊಳ್ಳಲು ಮಣೆ ಕೊಟ್ಟಳು, ಬೆಲ್ಲ ನೀರು ಕೊಟ್ಟಳು, ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸಂಚಿಕೆಯಲ್ಲಿ ಅವಳ ಬಗ್ಗೆ ಬರೆಯುತ್ತೇನೆ, ಒಂದು ಫೋಟೋ ಬೇಕು ಎಂದೆ.

"ಬರೆಯುವುದಾದರೆ ಬರೀರಿ" ಎಂದಳು, ಗೆರಸೆಯಿಂದ ಕಣ್ಣೆತ್ತದೆ. "ನನ್ನ ಫೋಟೋ ಯಾಕೆ ಜನಾರ್ದನಣ್ಣ? ಪೂಜೆಯ ದಿನ ತೆಗೆದದ್ದು ನಿಮ್ಮ ಹತ್ರ ಬೇರೆಯೇ ಒಂದು ಉಂಟಲ್ಲ."

ಇತ್ತು. ಡಿಲೀಟ್ ಮಾಡುವ ಧೈರ್ಯವೂ ನನಗಿರಲಿಲ್ಲ.

ಸಂಚಿಕೆಯ ಕರಡು ತಿದ್ದಿ ಅಚ್ಚಿಗೆ ಕಳುಹಿಸುವವನು ನಾನು. ನನ್ನ ಸಹಿ ಇದ್ದರೆ ಪ್ರೆಸ್ಸಿನವರು ಬೇರೇನೂ ಕೇಳುವುದಿಲ್ಲ. ಈ ಅಂಕಣದ ಜೊತೆ ಪರಿಚಯಿಸಿದವರ ಫೋಟೋ ಹಾಕುವುದು ಪದ್ಧತಿ. ಈ ಸಲ ಹಾಕಿರುವ ಫೋಟೋದಲ್ಲಿ ತುಂಗಾ ಇಲ್ಲ. ಕಿಟಕಿಯ ಬಳಿ ಜಾಡಿ ಬಗ್ಗಿಸಿ ನಗುತ್ತಿರುವವರು ಡಾ. ಶರತ್ಚಂದ್ರ. ಮೂಲೆಯಲ್ಲಿ ಲೆನ್ಸಿಗೆ ಅಡ್ಡ ಬಂದಿರುವ ಹೆಬ್ಬೆರಳು ನನ್ನದು.