ಉಪ್ಪು ತರಲು ಹೋದ ಕಿಂದ್ರಾತ್

ನಮ್ಮೂರಿನಲ್ಲಿ ಯಾರಾದರೂ ಹೇಳಿದ ಹೊತ್ತಿಗೆ ಬರದಿದ್ದರೆ "ಕಿಂದ್ರಾತ್ ಉಪ್ಪು ತರೋಕೆ ಹೋದ ಹಾಗಾಯ್ತು" ಎನ್ನುತ್ತಿದ್ದರು. ಟ್ರ್ಯಾಕ್ಟರಿನ ಬಿಡಿಭಾಗ ಬರದಿದ್ದರೂ ಅದೇ ಮಾತು, ನಿಕೊಪೋಲ್ ಪಟ್ಟಣದ ಬಸ್ಸು ಕೈಕೊಟ್ಟರೂ ಅದೇ ಮಾತು. ಮಕ್ಕಳು ಅಮ್ಮ, ಅಪ್ಪ ಎನ್ನಲು ಕಲಿತ ಮೇಲೆ ಮೂರನೆಯದಾಗಿ ಕಲಿಯುತ್ತಿದ್ದುದು ಈ ಗಾದೆಯನ್ನೇ. ಗಾದೆ ಕಟ್ಟಿದವರು ನೆಮ್ಮದಿಯಾಗಿ ಸತ್ತು ಮಣ್ಣು ಸೇರಿದರು. ಆದರೆ ಗಾದೆಯೊಳಗಿನ ಕಿಂದ್ರಾತನ ಹೆಂಡತಿ ನಮ್ಮ ಪಕ್ಕದ ಮನೆಯಲ್ಲೇ ಇದ್ದಳು. ಅವಳ ಕಿವಿ ಬಹಳ ಚುರುಕು.

ಅವಳೇ ಮೆಲಾಂಕತ್ತೆ. ಕುಳ್ಳಗೆ, ಗುಂಡಗೆ, ಬಾಯಿ ತೆರೆದರೆ ಬಾತುಕೋಳಿಗಳೂ ಸುಮ್ಮನಾಗುವಂಥ ಹೆಂಗಸು. ಮದುವೆಯಾದ ಎರಡನೆಯ ವರ್ಷ, ಎಲೆಕೋಸನ್ನು ಉಪ್ಪಿಗೆ ಹಾಕುವ ದಿನ, ಪೀಪಾಯಿ ತೊಳೆದಿಟ್ಟು, ಕೋಸು ಹೆಚ್ಚಿಟ್ಟು, ಬೆಳ್ಳುಳ್ಳಿ ಬಿಡಿಸಿಟ್ಟು ನೋಡಿದರೆ ಮನೆಯಲ್ಲಿ ಉಪ್ಪಿಲ್ಲ. "ನಾನ್ ತರ್ತೀನಿ" ಎಂದು ಕಿಂದ್ರಾತ್ ಎದ್ದ. ಏಳುವಾಗ ಮಾವ ಕೊಟ್ಟಿದ್ದ ಹೊಸ ಕುರಿಚರ್ಮದ ಕೋಟನ್ನು ತೊಟ್ಟುಕೊಂಡ. ಸುಡುಬಿಸಿಲಿನಲ್ಲಿ ಕುರಿಚರ್ಮ ತೊಡುವ ಗಂಡಸು ಸಂಜೆಗೆ ಮನೆಗೆ ಬರುವವನಲ್ಲ ಎಂಬುದು ಅವಳಿಗೆ ಆಗಲೇ ಹೊಳೆಯಬೇಕಿತ್ತು, ಪಾಪ ಹೊಳೆಯಲಿಲ್ಲ. ಕೋಸು ಕೊಳೆಯಿತು. ಆಮೇಲೆ ಯಾರೋ ಬಂದು, ನಿಕೊಪೋಲಿನ ಸಂತೆಯಲ್ಲಿ ದುಡ್ಡಿಗೆ ಉಯ್ಯಾಲೆ ಆಡಿಸುತ್ತಿದ್ದ ಕೆಂಗೂದಲಿನ ಹೆಂಗಸಿನ ಜೊತೆ ಅವನನ್ನು ದೂರದ ಖೆರ್ಸೋನ್ ಪಟ್ಟಣದಲ್ಲಿ ನೋಡಿದೆವು, ಕೋಟು ಚೆನ್ನಾಗಿ ಒಪ್ಪುತ್ತಿತ್ತು ಎಂದರು.

ಅಲ್ಲಿಂದ ಮುಂದೆ ಮೆಲಾಂಕತ್ತೆಯ ಮನೆಯಲ್ಲಿ ಉಪ್ಪು ಮೂಟೆಗಟ್ಟಲೆ. ಮಳೆ ಬರಲಿ, ಯುದ್ಧ ಬರಲಿ, ಅವಳ ಉಗ್ರಾಣದಲ್ಲಿ ಉಪ್ಪು ಕಡಿಮೆಯಾಗಲಿಲ್ಲ. ಕಡ ಕೇಳಿದರೆ ಒಂದು ಹಿಡಿಗೆ ಎರಡು ಹಿಡಿ ಕೊಟ್ಟು, "ನಿನ್ ಗಂಡನ್ನ ಮಾತ್ರ ಕಳಿಸ್ಬೇಡ ಕಣೇ" ಎಂದು ತಾನೇ ನಗುತ್ತಿದ್ದಳು.

ಅವಳು ನಗದ ದಿನ ವರ್ಷಕ್ಕೊಂದಿತ್ತು. ಈಸ್ಟರ್ ಕಳೆದು ಒಂದು ವಾರಕ್ಕೆ ನಾವೆಲ್ಲ ಸ್ಮಶಾನಕ್ಕೆ ಹೋಗಿ, ನಮ್ಮ ನಮ್ಮವರ ಗೋರಿಯ ಪಕ್ಕ ಬಟ್ಟೆ ಹಾಸಿ, ಬಣ್ಣದ ಮೊಟ್ಟೆ, ಸಿಹಿ ರೊಟ್ಟಿ ಇಟ್ಟು, ಸತ್ತವರ ಜೊತೆ ಕೂತು ಉಣ್ಣುತ್ತೇವೆ. ಯುದ್ಧ ಮುಗಿದ ಮೇಲೆ ಅರ್ಧ ಊರಿನ ಹೆಂಗಸರು ವಿಧವೆಯರೇ. ಗಂಡ ಎಲ್ಲೋ ಬಿದ್ದಿದ್ದರೂ ಹೆಸರಿಗೊಂದು ಶಿಲುಬೆ ಇತ್ತು, ಅದರ ಪಕ್ಕ ಗೌರವದ ಜಾಗವಿತ್ತು. ಮೆಲಾಂಕತ್ತೆಯ ಅಪ್ಪ, ಅಮ್ಮನ ಗೋರಿ ಇದ್ದುದು ಡ್ನಿಪರ್ ನದಿಯ ಆಚೆಯ ದಡದಲ್ಲಿ, ಇಲ್ಲಿ ತನ್ನವರು ಅಂತ ಯಾರೂ ಇಲ್ಲ. ಬುಟ್ಟಿ ಹಿಡಿದು ಗೋರಿಗಳ ಸಾಲಿನಲ್ಲಿ ನಡೆದು, ಕೊನೆಗೆ ನಮ್ಮ ಬಟ್ಟೆಯ ಅಂಚಿನಲ್ಲಿ ಕೂರುತ್ತಿದ್ದಳು. ಬಿಟ್ಟುಹೋದ ಗಂಡನಿಗೆ ಗೋರಿ ಕಟ್ಟುವ ಹಾಗಿಲ್ಲ. ಅವಳು ಆ ಅಂಚಿನಲ್ಲಿ ಕೂತು ಮೊಟ್ಟೆ ಸುಲಿಯುವುದನ್ನು ನೋಡಿದಾಗ ನಾನು ಸಿಹಿ ರೊಟ್ಟಿಯನ್ನು ಅವಳ ಕಡೆಗೆ ಸರಿಸುತ್ತಿದ್ದೆ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಕೀವ್‌ನಿಂದ ಪ್ರಾಚೀನ ಗೋರಿಗಳನ್ನು ಅಗೆಯುವವರು ಬಂದರು. ನಮ್ಮೂರ ಹೊಲದ ಕೊನೆಗೆ ಕಾಗೆದಿಬ್ಬ ಎಂಬ ದೊಡ್ಡ ಮಣ್ಣಿನ ಗುಡ್ಡೆಯಿದೆ. ಒಳಗೆ ಹಿಂದಿನ ಕಾಲದಲ್ಲಿ ಈ ಬಯಲನ್ನಾಳಿದ ಸಿಥಿಯನ್ ಜನರ ದೊರೆಯೊಬ್ಬ ತನ್ನ ಕುದುರೆ, ಬಂಗಾರದ ಸಮೇತ ಮಲಗಿದ್ದಾನೆಂದು ಹೇಳಿ ಡೇರೆ ಹಾಕಿದರು. ಅವರ ಮುಖ್ಯಸ್ಥ ವದಿಮ್ ಒರೆಸ್ತೊವಿಚ್ ಎಂಬ ಸಣಕಲು ಪ್ರೊಫೆಸರ್. ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದು ಹೊಸ ಆಲೂಗಡ್ಡೆಯಂತೆ ಕಾಣುತ್ತಿದ್ದ. ಸಾಮೂಹಿಕ ಕೃಷಿಕ್ಷೇತ್ರದ ಬುಲ್ಡೋಜರನ್ನು ಕಟಾವಿನವರೆಗೆ ಎರವಲು ಪಡೆದು, ನನ್ನ ಗಂಡ ಮಕಾರ್ ಮತ್ತು ಅವನಂಥ ಕೆಲವರ ಕೈಗೆ ಗುದ್ದಲಿ ಕೊಟ್ಟ.

ಬಂಗಾರ ಸಿಗುವ ಮೊದಲು ಸಿಕ್ಕಿದ್ದು ಒಂದು ಸುರಂಗ. ಹಿಂದಿನ ಕಾಲದ ಕಳ್ಳರು ತೋಡಿದ್ದು. ಅದರ ತಿರುವಿನಲ್ಲಿ ಬೋರಲು ಬಿದ್ದ ಒಂದು ಅಸ್ಥಿಪಂಜರ, ಕೈ ಮುಂದಕ್ಕೆ ಚಾಚಿದೆ, ಪಕ್ಕದಲ್ಲಿ ಮಣ್ಣಿನ ದೀಪ. ಕದಿಯಲು ನುಗ್ಗಿದವನ ಮೇಲೆ ಚಾವಣಿ ಕುಸಿದಿತ್ತು. ಮಧ್ಯಾಹ್ನ ಊಟಕ್ಕೆ ಬಂದ ಮಕಾರ್ ಇದನ್ನು ಹೇಳಿದ. ನಾನು ಬೇಲಿಯ ಈಚೆಯಿಂದ ಮೆಲಾಂಕತ್ತೆಗೆ ಹೇಳಿದೆ. ಅವಳು ಬಾತುಕೋಳಿಗಳಿಗೆ ಕಾಳು ಹಾಕುತ್ತಿದ್ದವಳು ಹಾಗೇ ನಿಂತಳು.

"ಗಂಡಸಾ?"

"ಗಂಡಸಂತೆ ಅತ್ತೆ."

"ಎತ್ತರ?"

"ನಮ್ ಮಕಾರ್‌ಗಿಂತ ಸ್ವಲ್ಪ ಕಮ್ಮಿಯಂತೆ."

ಕಾಳನ್ನೆಲ್ಲ ಒಂದೇ ಕಡೆ ಸುರಿದು ಒಳಗೆ ಹೋದಳು. ಹೊರಬಂದಾಗ ತಲೆಗೆ ಕಪ್ಪು ವಸ್ತ್ರ ಕಟ್ಟಿದ್ದಳು. ಗುಡ್ಡ ಅಗೆದು ಇಲಿ ಹಿಡಿದರು ಎನ್ನುವುದುಂಟು. ನಮ್ಮೂರಿನಲ್ಲಿ ಗುಡ್ಡ ಅಗೆದು ಗಂಡನನ್ನು ಹಿಡಿದರು.

ನಾನು ಅವಳ ಹಿಂದೆಯೇ ಓಡಿದೆ. ದಿಬ್ಬದ ಮೇಲೆ, ಸುರಂಗದ ಬಾಯಿಯ ಹತ್ತಿರ ಮಣ್ಣಿನ ಮೇಲೆ ಕೂತು ಎದೆ ಬಡಿದುಕೊಂಡಳು.

"ಅಯ್ಯೋ ನನ್ ಕಿಂದ್ರಾತೂ! ನಂಗೆ ಬಂಗಾರ ತರೋಕ್ ಹೋಗಿ ಮಣ್ಣಲ್ಲಿ ಮಲಗ್ಬಿಟ್ಯಲ್ಲೋ! ಊರೆಲ್ಲಾ ನಿನ್ ಮೇಲೆ ಗೂಬೆ ಕೂರಿಸ್ತಲ್ಲೋ!"

ವದಿಮ್ ಓಡಿಬಂದ. "ಅಮ್ಮಾ, ಅಮ್ಮಾ, ಸಮಾಧಾನ ಮಾಡ್ಕೊಳ್ಳಿ. ಈ ಮನುಷ್ಯ ಸತ್ತು ಎರಡು ಸಾವಿರ ವರ್ಷದ ಮೇಲಾಗಿದೆ."

"ಅವ್ನು ಯಾವತ್ತೂ ವಯಸ್ಸಿಗಿಂತ ಹೆಚ್ಚಾಗೇ ಕಾಣ್ತಿದ್ದ, ಮಗಾ."

"ಅಲ್ಲಾ... ನಿಮ್ಮ ಯಜಮಾನ್ರು ಹೋಗಿದ್ದು ಉಪ್ಪು ತರೋಕೆ ಅಂತ ಇವ್ರೆಲ್ಲಾ ಹೇಳ್ತಾರೆ. ಇಲ್ಲಿಗ್ಯಾಕೆ ಬರ್ತಾರೆ?"

"ಉಪ್ಪನ್ನ ನಿಮ್ ಕೀವಲ್ಲಿ ಬಿಟ್ಟಿ ಕೊಡ್ತಾರಾ? ಇಲ್ಲಿ ದುಡ್ ಕೊಡ್ಬೇಕು. ದುಡ್ಡಿಗೆ ಅಂತ ಬಂದ."

ವದಿಮ್ ಓದಿದವನು. ಓದಿದವರಿಗೆ ಒಂದು ಚಟ, ಪುರಾವೆ ಕೇಳುವುದು. "ಸರಿ. ಅವ್ರ ಮೈಮೇಲೆ ಏನಾದ್ರೂ ಗುರುತಿತ್ತಾ?"

"ಇತ್ತಪ್ಪಾ! ಎಡಗಿವೀನ ಚಿಕ್ಕೋನಿದ್ದಾಗ ಹಂದಿ ಕಚ್ಕೊಂಡ್ ಹೋಗಿತ್ತು. ಅರ್ಧ ಕಿವಿ ಇರ್ಲಿಲ್ಲ."

"ಅಮ್ಮಾ, ಈ ಅಸ್ಥಿಪಂಜರಕ್ಕೆ ಕಿವೀನೇ ಇಲ್ಲ!"

ಮೆಲಾಂಕತ್ತೆ ನಮ್ಮೆಲ್ಲರ ಕಡೆ ತಿರುಗಿ ಎರಡೂ ಕೈ ಎತ್ತಿದಳು. "ಕೇಳುದ್ರಾ? ಪ್ರೊಫೆಸರ್ರೇ ಒಪ್ಕೊಂಡ್ರು!"

ಮಕಾರನಿಗೆ ಎಲ್ಲಿ ಬಾಯಿ ಹಾಕಬಾರದೋ ಅಲ್ಲೇ ಹಾಕುವ ಅಭ್ಯಾಸ. "ಅತ್ತೆ, ಹಾಗಾದ್ರೆ ಆ ಕುರಿಚರ್ಮದ ಕೋಟೆಲ್ಲಿ?" ಎಂದ.

"ಅದನ್ನ ಅಗೆದೋರನ್ನ ಕೇಳ್ಬೇಕು. ಮೊದ್ಲು ಒಳಕ್ಕೆ ಇಳ್ದೋನು ನೀನೇ ಅಲ್ವೇನೋ?"

ಮಕಾರ್ ಬಾಯಿ ಮುಚ್ಚಿ, ಟೋಪಿ ತೆಗೆದು, ಗುದ್ದಲಿ ಕೆಳಗಿಟ್ಟ. ಉಳಿದವರೂ ಇಟ್ಟರು. ಅಳುವ ವಿಧವೆಯ ಎದುರಿಗೆ, ಮಣ್ಣು ಮಾಡದ ಹೆಣದ ತಲೆಯ ಮೇಲೆ ನಮ್ಮವರು ಗುದ್ದಲಿ ಎತ್ತುವುದಿಲ್ಲ. ಬುಲ್ಡೋಜರಿನವನೂ ಎಂಜಿನ್ ನಿಲ್ಲಿಸಿ ಸಿಗರೇಟು ಹಚ್ಚಿದ. ಮರುದಿನವೂ ಅವಳು ಬಂದಳು, ಕೂರಲು ಒಂದು ಚಿಕ್ಕ ಸ್ಟೂಲನ್ನೂ ತಂದಳು. ಅದರ ಮಾರನೆಯ ದಿನವೂ ಅಷ್ಟೇ. ಕಟಾವು ಹತ್ತಿರ ಬರುತ್ತಿತ್ತು, ಬುಲ್ಡೋಜರು ವಾಪಸು ಹೋಗಬೇಕಿತ್ತು, ದೊರೆ ಇನ್ನೂ ಒಳಗೇ ಇದ್ದ. ವದಿಮ್ ತಲೆಯ ಮೇಲೆ ಕೈಹೊತ್ತು ಕೂತ.

"ನೀವೆಲ್ಲಾ ಸೇರ್ಕೊಂಡು ನಾಟಕ ಆಡ್ತಿದೀರಾ?" ಎಂದು ಮಕಾರನ ಮೇಲೆ ರೇಗಿದ.

"ನಾನೊಬ್ಬ ನಿಮ್ ಮಾತು ಕೇಳ್ತೀನಿ ಪ್ರೊಫೆಸರ್ರೇ," ಎಂದ ಮಕಾರ್. "ಆದ್ರೆ ರಾತ್ರಿ ಊಟ ಹಾಕೋಳು ನನ್ನ ಹೆಂಡ್ತಿ."

ಅದು ನಿಜ.

ಸಂಜೆ ವದಿಮ್ ತಾನಾಗಿಯೇ ಮೆಲಾಂಕತ್ತೆಯ ಅಂಗಳಕ್ಕೆ ಬಂದ. ನಾನು ಬೇಲಿಯ ಪಕ್ಕ ಬೀನ್ಸ್ ಕೀಳುತ್ತಿದ್ದೆ. ಕೀಳಲು ಅಷ್ಟೇನೂ ಬೀನ್ಸ್ ಇರಲಿಲ್ಲ, ಆದರೂ ಕೀಳುತ್ತಿದ್ದೆ. ಅವಳು ಚೆರ್ರಿ ಹಣ್ಣು ತುಂಬಿದ ಕಡುಬು ಬಡಿಸಿದಳು. ಅವನು ಎರಡನೆಯ ತಟ್ಟೆ ಮುಗಿಸುವವರೆಗೂ ಬಡಿಸುತ್ತಲೇ ಇದ್ದಳು. ಆಮೇಲೆ ತಲೆವಸ್ತ್ರದ ತುದಿಯಿಂದ ಮೇಜು ಒರೆಸುತ್ತಾ, ಅಳುದನಿಯಿಲ್ಲದೆ ಹೇಳಿದಳು:

"ಮಗಾ, ನಂಗೇನ್ ತಲೆ ಕೆಟ್ಟಿಲ್ಲ. ನನ್ ಗಂಡ ಖೆರ್ಸೋನಲ್ಲಿ ಆ ಉಯ್ಯಾಲೆಯೋಳ ಮನೇಲಿ ಮೀನ್ ತಿಂದ್ಕೊಂಡ್ ಇದಾನೆ, ಇಲ್ಲಾ ಅಲ್ಲೇ ಸತ್ತಿದಾನೆ. ನಿನ್ ಕಳ್ಳನ್ನ ನಮ್ಮೋನು ಅಂತ ಅಳೋರು ಯಾರೂ ಇಲ್ಲ. ನಂಗೂ ಅಳೋಕೆ ಯಾರೂ ಇಲ್ಲ. ಅವತ್ತಿಂದ ನಾನು ಈ ಊರಿನ ಬಾಯಲ್ಲಿ ಗಾದೆಯಾಗಿ ಬದುಕಿದೀನಿ. ಸಾಯೋಕ್ ಮುಂಚೆ ಒಂದ್ಸಲ ನನ್ನೋನ ಗೋರಿ ಪಕ್ಕ ಕೂತು ಮೊಟ್ಟೆ ತಿನ್ಬೇಕು. ಅಷ್ಟೇ."

ವದಿಮ್ ಮೂಗಿನ ಸಿಪ್ಪೆ ಕಿತ್ತ. "ಮೂಳೆ ಕೊಡೋಕಾಗಲ್ಲ ಅಮ್ಮ. ಅದು ಮ್ಯೂಸಿಯಂಗೆ ಹೋಗ್ಲೇಬೇಕು."

"ದೂರದಲ್ಲಿ ಸತ್ತೋರಿಗೆ ನಮ್ಮಲ್ಲಿ ಅವ್ರು ಬಿದ್ದ ಜಾಗದ ಮಣ್ಣು ತಂದು ಹೂಳ್ತೀವಿ."

"ಮಣ್ಣಾ? ಮಣ್ಣು... ಅಯ್ಯೋ, ಮಣ್ಣು ಎಷ್ಟ್ ಬೇಕಾದ್ರೂ ಕೊಡ್ತೀನಿ!"

ಬೇಲಿಯ ಈಚೆ ನನ್ನ ಕಣ್ಣು ತುಂಬಿತು. ಬೀನ್ಸ್ ಬದಲು ಬಳ್ಳಿಯನ್ನೇ ಕಿತ್ತಿದ್ದೆ.

ಮೀನಿನ ಡಬ್ಬಿಗಳು ಬಂದಿದ್ದ ಮರದ ಪೆಟ್ಟಿಗೆಯಲ್ಲಿ ಸುರಂಗದ ಮಣ್ಣು ತುಂಬಿ ಊರಿಗೆ ತಂದರು. ಪಾದ್ರಿ ಇರಲಿಲ್ಲ, ಹಾಡು ಬಲ್ಲ ಮುದುಕಿಯರಿದ್ದರು. ಪೆಟ್ಟಿಗೆಯ ಒಂದು ಮೂಲೆಗೆ ವದಿಮನೇ ಹೆಗಲು ಕೊಟ್ಟ. ಕೀವ್‌ನಲ್ಲಿ ಇದು ಗೊತ್ತಾದರೆ ಅವನ ಕೆಲಸ ಏನಾಗುತ್ತಿತ್ತೋ ದೇವರೇ ಬಲ್ಲ. ಮೆಲಾಂಕತ್ತೆ ಶಿಲುಬೆಗೆ ನೀಲಿ ಬಣ್ಣ ಹಚ್ಚಿಸಿದಳು, ಹೆಸರಿನ ಕೆಳಗೆ ಹುಟ್ಟಿದ ವರ್ಷ ಮಾತ್ರ ಬರೆಸಿದಳು. ಸತ್ತ ವರ್ಷದ ಬಗ್ಗೆ ಅವಳಿಗೂ ಪ್ರೊಫೆಸರಿಗೂ ಕೊನೆಯವರೆಗೂ ಒಮ್ಮತ ಬರಲಿಲ್ಲ.

ಮರುದಿನವೇ ಗುದ್ದಲಿಗಳು ಎದ್ದವು, ವಾರ ಕಳೆಯುವುದರೊಳಗೆ ದೊರೆಯೂ ಸಿಕ್ಕ. ಕಳ್ಳರ ಕೈಗೆ ಎಟುಕದ ಪಕ್ಕದ ಕೋಣೆಯಲ್ಲಿ ಕೊರಳಿನ ಬಂಗಾರದ ದಪ್ಪ ಬಳೆ, ಬಂಗಾರದ ಜಿಂಕೆಗಳು, ಕುದುರೆಯ ಹಣೆಪಟ್ಟಿ. ನಾವೆಲ್ಲ ಸಾಲಿನಲ್ಲಿ ನಿಂತು ನೋಡಿದೆವು. ಅದರಲ್ಲೊಂದು ಜಿಂಕೆ ಈಗಷ್ಟೇ ಮಲಗಿದ ಹಾಗಿತ್ತು, ಮುಟ್ಟಿದರೆ ಏಳುವ ಹಾಗಿತ್ತು. ಪತ್ರಿಕೆಯವರು ಬಂದು ಫೋಟೋ ತೆಗೆದರು. ಪೊಲೀಸರ ಗಾಡಿಯಲ್ಲಿ ಎಲ್ಲವೂ ಕೀವ್‌ಗೆ ಹೋಯಿತು, ಊರಿಗೆ ದಕ್ಕಿದ್ದು ಧೂಳು. ಆದರೆ ಗಾದೆ ನಿಂತುಹೋಯಿತು. ಬಸ್ಸು ತಡವಾದಾಗ ಅಭ್ಯಾಸಬಲದಿಂದ "ಕಿಂದ್ರಾತ್..." ಎಂದು ಬಾಯಿ ತೆರೆದವರು "...ಆತ್ಮಕ್ಕೆ ಶಾಂತಿ ಸಿಗಲಿ" ಎಂದು ಮುಗಿಸುತ್ತಿದ್ದರು.

ಮಣ್ಣು ಮಾಡಿದ ನಲವತ್ತನೆಯ ದಿನದ ಊಟಕ್ಕೆ ಮೆಲಾಂಕತ್ತೆ ಅಂಗಳದಲ್ಲಿ ಉದ್ದಕ್ಕೆ ಮೇಜು ಹಾಕಿಸಿದಳು. ಸತ್ತವರ ಊಟದಲ್ಲಿ ಚಾಕು, ಫೋರ್ಕು ಇಡುವುದಿಲ್ಲ, ಚಮಚ ಮಾತ್ರ. ಜೇನು ಹಾಕಿದ ಗೋಧಿ, ಬೀಟ್‌ರೂಟಿನ ಬೋರ್ಷ್ ಸಾರು, ಒಣಹಣ್ಣಿನ ಪಾನಕ. ಊರಿಗೆ ಹೊರಡಲು ಡೇರೆ ಬಿಚ್ಚುತ್ತಿದ್ದ ವದಿಮನೂ ಬಂದು ಕೂತ. ಆಗ ಗೇಟಿನಲ್ಲಿ ಒಬ್ಬ ಮುದುಕ ಕಾಣಿಸಿಕೊಂಡ. ಕೈಯಲ್ಲಿ ಮಡಿಸಿದ ಪತ್ರಿಕೆ, ಬಂಗಾರದ ಜಿಂಕೆಯ ಚಿತ್ರ ಹೊರಗೆ ಕಾಣುತ್ತಿತ್ತು. ಇಂಥ ಊಟಕ್ಕೆ ಬಂದ ಅಪರಿಚಿತನನ್ನು ಯಾರೂ ಕಳಿಸುವುದಿಲ್ಲ, ಜಾಗ ಬಿಟ್ಟೆವು. ಅವನು ಕೂತು ಟೋಪಿ ತೆಗೆದ.

ಎಡಗಿವಿ ಅರ್ಧವಿತ್ತು.

ಮೇಜಿನ ಉದ್ದಕ್ಕೂ ಚಮಚಗಳು ನಿಂತವು. ಮಕಾರನದು ಬಾಯಿ ಮತ್ತು ಬಟ್ಟಲಿನ ನಡುವೆ ನಿಂತು ಅಂಗಿಯ ಮೇಲೆ ತೊಟ್ಟಿಕ್ಕಿತು. ಮೆಲಾಂಕತ್ತೆಯ ಮುಖದಿಂದ ರಕ್ತವೆಲ್ಲ ಇಳಿದುಹೋಯಿತು. ಇವನು ಒಂದು ಮಾತಾಡಿದರೆ ಗೋರಿಯೂ ಹೋಯಿತು, ಗಾದೆಯೂ ಎದ್ದು ಬಂತು.

"ಮೆಲಾಂಕಾ," ಎಂದ ಅವನು. "ದಿಬ್ಬ ನಮ್ಮಪ್ಪನ ಹೊಲದ ಪಕ್ಕದ್ದು. ಪೇಪರ್ನಲ್ಲಿ ನೋಡ್ದೆ. ಏನಾದ್ರೂ ಪಾಲು ಗೀಲು..."

ಪಾಲಂತೆ! ಹೇಗಿದ್ದೀಯಾ ಎಂದು ಕೇಳಲಿಲ್ಲ, ಪಾಲು ಕೇಳಿದ. ಅವಳ ಕೆನ್ನೆಗೆ ಬಣ್ಣ ವಾಪಸು ಬಂದುದನ್ನು ನಾನು ನೋಡಿದೆ.

"ಬನ್ನಿ ತಾತ," ಎಂದಳು. "ದೂರದಿಂದ ಬಂದಂಗಿದೆ. ಊಟ ಮಾಡಿ. ಇವತ್ತು ನಮ್ ಯಜಮಾನ್ರ ನಲವತ್ತನೇ ದಿನ."

"ಏಯ್, ನಾನೇ ಕಣೇ ಕಿಂದ್ರಾತ್!"

"ಕಿಂದ್ರಾತ್ ಸತ್ತ ತಾತ," ಎಂದ ಮಕಾರ್ ಅಂಗಿ ಒರೆಸಿಕೊಳ್ಳುತ್ತಾ. ನಾನು ಅವನನ್ನು ಮದುವೆಯಾದುದಕ್ಕೆ ಅಂದು ಮೊದಲ ಸಲ ಹೆಮ್ಮೆಪಟ್ಟೆ. "ನಾನೇ ಅಗೆದು ತೆಗ್ದೆ. ಬೇಕಾದ್ರೆ ಕೀವಿನ ಪ್ರೊಫೆಸರ್ರನ್ನ ಕೇಳಿ."

ಎಲ್ಲರೂ ವದಿಮನ ಕಡೆ ತಿರುಗಿದೆವು. ಎರಡು ಸಾವಿರ ವರ್ಷ ಎಂದು ಊರೆಲ್ಲ ಕೂಗಿದ್ದವನು. ಅವನು ಎದ್ದು ನಿಂತು, ಮೇಜಿನ ಮೇಲಿದ್ದ ಗ್ಲಾಸನ್ನು ಸರಿಮಾಡಿ, ಗಂಟಲು ಸರಿಮಾಡಿಕೊಂಡ.

"ಸಂಶಯವೇ ಇಲ್ಲ. ಸ್ವತಃ ಪರೀಕ್ಷೆ ಮಾಡಿದೀನಿ," ಎಂದ. "ಕಿವಿ ಕೂಡ ಇರ್ಲಿಲ್ಲ."

ಮುದುಕ ಒಬ್ಬೊಬ್ಬರ ಮುಖವನ್ನೂ ನೋಡಿದ. ಜೊತೆಯಲ್ಲಿ ದನ ಕಾದವರಿದ್ದರು, ಮದುವೆಯಲ್ಲಿ ಕುಣಿದವರಿದ್ದರು. ಒಬ್ಬರೂ ಅವನನ್ನು ಬಲ್ಲೆ ಎನ್ನಲಿಲ್ಲ. ಅವನ ಕೈಗೆ ಗ್ಲಾಸು ಕೊಟ್ಟರು. ಸತ್ತವನ ಹೆಸರಿನಲ್ಲಿ ಕುಡಿಯಬೇಕಲ್ಲ, ಕುಡಿದ. ತನ್ನ ಆತ್ಮಕ್ಕೆ ತಾನೇ ಶಾಂತಿ ಕೋರಿದ. ಜೇನುಗೋಧಿ ತಿಂದ. ಬೋರ್ಷ್ ಒಂದು ಚಮಚ ಬಾಯಿಗಿಟ್ಟು ಸುತ್ತ ನೋಡಿದ.

"ಸ್ವಲ್ಪ ಉಪ್ಪಿದ್ರೆ..."

ಉಗ್ರಾಣದಲ್ಲಿ ಎಷ್ಟು ಮೂಟೆ ಇದೆಯೆಂದು ಎಲ್ಲರಿಗೂ ಗೊತ್ತಿತ್ತು. ಮೆಲಾಂಕತ್ತೆ ಸೌಟು ಹಿಡಿದು ಅವನ ಎದುರಿಗೇ ನಿಂತಿದ್ದಳು.

"ಇಲ್ಲ ತಾತ," ಎಂದಳು. "ತರೋಕ್ ಹೋದೋರು ಇನ್ನೂ ಬಂದಿಲ್ಲ."

ಅವನು ತಲೆ ತಗ್ಗಿಸಿ ಆ ಸಪ್ಪೆ ಬೋರ್ಷನ್ನು ತಳದವರೆಗೂ ಉಂಡ. ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡು ಸಂಜೆಯ ಬಸ್ಸಿಗೆ ಹೋದ. ಆ ದಿನ ಬಸ್ಸು ಸರಿಯಾದ ಹೊತ್ತಿಗೇ ಬಂತು.

ಅವನ ಬೆನ್ನು ಮರೆಯಾಗುವವರೆಗೆ ಮೆಲಾಂಕತ್ತೆ ಗೇಟಿನಲ್ಲಿ ನಿಂತಿದ್ದಳು. ಆಮೇಲೆ ಸರಸರನೆ ಉಗ್ರಾಣಕ್ಕೆ ಹೋಗಿ ಒಂದು ಬೋಗುಣಿ ತುಂಬ ಉಪ್ಪು ತಂದಳು.

"ಬೋರ್ಷ್ ಸಪ್ಪೆಯಾಗಿದೆ ಅಂತ ಒಬ್ರಾದ್ರೂ ಬಾಯ್ ಬಿಟ್ಟು ಹೇಳ್ಬಾರ್ದಾ? ಮೂಗರಾ ನೀವೆಲ್ಲಾ?" ಎಂದು ಗದರುತ್ತಾ, ಮೇಜಿನ ಉದ್ದಕ್ಕೂ ನಡೆದು ಒಬ್ಬೊಬ್ಬರ ಬಟ್ಟಲಿಗೂ ತಾನೇ ಉಪ್ಪು ಹಾಕಿದಳು. ಹಾಕುವಾಗ ಗೇಟಿನ ಕಡೆಗೇ ನೋಡುತ್ತಿದ್ದಳು, ಬೇಕಾದದ್ದಕ್ಕಿಂತ ಎರಡರಷ್ಟು ಬಿತ್ತು. ಬಾಯಿಗಿಡಲಾಗದಷ್ಟು ಉಪ್ಪಾಯಿತು. ಯಾರೂ ಒಂದು ಚಮಚವನ್ನೂ ಬಿಡಲಿಲ್ಲ.